ಮಾನಿಟರಿನ ಮುಸುಕು

"ನಿಮ್ಮ ಅತ್ತಿಗೆ ಇದ್ದಾರಾ? ಹನ್ನೆರಡು ಗಂಟೆ ಒಳಗೆ ಅವರು ಕೆಳಗೆ ಬರದಿದ್ರೆ ನನ್ನ ನಾಲ್ಕು ತಿಂಗಳ ಕೆಲಸ ಮಣ್ಣುಪಾಲು!"

ಬಾಗಿಲಲ್ಲಿ ನಿಂತಿದ್ದವರು ಕೆಳಮಹಡಿಯ ಬ್ರೈಲ್ ಮುದ್ರಣಾಲಯದ ಕರಡು ಮೇಷ್ಟ್ರು. ಕಣ್ಣು ಕಾಣದ ಅವರು ಬಿಳಿ ಕೋಲು ಊರಿಕೊಂಡು ಮೂರು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದರು. ಹಾಳೆಯ ಮೇಲಿನ ಚುಕ್ಕಿಗಳನ್ನು ಬೆರಳಿನಿಂದ ಓದಿ ತಪ್ಪು ಹಿಡಿಯುವುದರಲ್ಲಿ ಅವರದು ಎತ್ತಿದ ಕೈ. ಅಂಚು ಕೂದಲೆಳೆಯಷ್ಟು ಸರಿದಿದ್ದರೂ ಹಾಳೆಯನ್ನು ರದ್ದಿ ಬುಟ್ಟಿಗೆ ಎಸೆಯುವ ಮನುಷ್ಯ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು, ನಿವೃತ್ತರಾದ ಮೇಲೆ ಮುದ್ರಣಾಲಯವಿದ್ದ ಕಟ್ಟಡದ ಮೇಲ್ಮಹಡಿಯಲ್ಲಿ ನನ್ನ ಜೊತೆ ಇದ್ದರು. ಕಟ್ಟಡದಲ್ಲಿ ಏನು ಕೆಟ್ಟರೂ, ಏನು ಕಳೆದರೂ ಜನ ಓಡಿ ಬರುತ್ತಿದ್ದುದು ಅವರ ಬಳಿಗೇ. ಎಲ್ಲರ ಬಾಯಲ್ಲೂ ಅವರು 'ತಂತಿ ಅತ್ತಿಗೆ'. ಅವರ ಸಾಮಾನಿನ ಚೀಲ ಹೊರುವುದು ನನ್ನ ಕೆಲಸ. ಅವರಿಗೆ ಬೆಟ್ಟದಷ್ಟು ತಾಳ್ಮೆ, ನನಗೆ ಮೂಗಿನ ತುದಿಯಲ್ಲೇ ಕೋಪ. ಜೋಡಿ ಚೆನ್ನಾಗಿ ಹೊಂದಿಕೊಂಡಿತ್ತು.

"ಕೂತ್ಕೊಂಡು ಮೊದಲಿಂದ ಹೇಳಿ ಮೇಷ್ಟ್ರೇ," ಎಂದರು ಅತ್ತಿಗೆ.

"ನಿನ್ನೆ ಮಧ್ಯಾಹ್ನ ಕಂಪ್ಯೂಟರ್ ನಡೆಸೋ ಲಿನಕ್ಸಿಗೆ ಅಪ್‌ಡೇಟ್ ಹಾಕಿದ್ರು. ಆಮೇಲೂ ಐದು ಗಂಟೆವರೆಗೆ ಕೆಲಸ ಮಾಡಿದೆ, ಏನೂ ತೊಂದರೆ ಇರ್ಲಿಲ್ಲ. ದಿನಾ ಮಾಡೋ ಹಾಗೆ ಲಾಗಿನ್ ತೆರೆದೇ ಬಿಟ್ಟು ಐದೂ ಕಾಲರ ಬಸ್ಸು ಹಿಡಿದೆ. ಇವತ್ತು ಬೆಳಿಗ್ಗೆ ಪ್ರೆಸ್ಸಿನ ಯಜಮಾನರು ಅಪ್‌ಡೇಟ್ ಆಗಿದೆಯಲ್ಲ ಅಂತ ಒಂದು ಸಲ ಆಫ್ ಮಾಡಿ ಆನ್ ಮಾಡಿದ್ರು. ಅಲ್ಲಿಂದ ಲಾಗಿನ್ ಆಗ್ತಾನೇ ಇಲ್ಲ. ನಾನೇ ಪಾಸ್‌ವರ್ಡ್ ಬದಲಾಯಿಸಿ ನಾಟಕ ಆಡ್ತಿದೀನಂತೆ!"

"ನಿಮಗೆ ಅದರಿಂದ ಏನು ಬರಬೇಕು?" ಎಂದೆ.

"ಪುಸ್ತಕದಲ್ಲಿ ಕರಡು ತಿದ್ದಿದವನ ಹೆಸರೂ ಇರಲಿ ಅಂತ ಹೋದ ವಾರ ಕೇಳಿದ್ದೆ. ಆಗಲ್ಲ ಅಂದ್ರು. ಮಾತಿಗೆ ಮಾತು ಬೆಳೀತು. ಆ ಸಿಟ್ಟಿಗೆ ಹೀಗೆ ಮಾಡಿದೀನಿ ಅಂತ ಅವರ ಲೆಕ್ಕ. ಹನ್ನೆರಡಕ್ಕೆ ರಿಪೇರಿಯವರು ಬಂದು ಕಂಪ್ಯೂಟರನ್ನ ಪೂರ್ತಿ ಅಳಿಸಿ ಹೊಸದಾಗಿ ಹಾಕ್ತಾರೆ. ನಾನು ತಿದ್ದಿದ ಗಣಿತದ ಪುಸ್ತಕ ಅದರೊಳಗೇ ಇದೆ. ಯಜಮಾನರು ತಿದ್ದದ ಪ್ರತಿನೇ ಅಚ್ಚು ಹಾಕ್ತಾರಂತೆ. ತಪ್ಪು ಲೆಕ್ಕ ಮುಟ್ಟಿ ಮಕ್ಕಳು ಏನು ಕಲೀತಾರೆ, ಹೇಳಿ!"

ಅತ್ತಿಗೆ ಆಗಲೇ ಚಪ್ಪಲಿ ಮೆಟ್ಟಿದ್ದರು. ಗಂಟೆ ಹನ್ನೊಂದು.

ಮುದ್ರಣಾಲಯದಲ್ಲಿ ಯಜಮಾನರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅವರ ತಂಗಿ ಚುಕ್ಕಿ ಒತ್ತುವ ಮಷೀನಿನ ಮುಂದಿದ್ದಳು. ಅದರಿಂದ ತುಂಡಾಗದ ಉದ್ದ ಕಾಗದ ಹೊರಬರುತ್ತಿತ್ತು. ಅವಳು ಅದನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಮಡಿಸುತ್ತ ಪೇರಿಸುತ್ತಿದ್ದಳು. ನಮ್ಮತ್ತ ತಿರುಗಿಯೂ ನೋಡಲಿಲ್ಲ.

"ಓಹೋ, ವಕೀಲರನ್ನ ಕರ್ಕೊಂಡೇ ಬಂದ್ರಾ?" ಎಂದರು ಯಜಮಾನರು.

"ತಪ್ಪು ಇವರದೇ ಅಂತ ನೀವೇ ತೀರ್ಪು ಕೊಟ್ಟ ಮೇಲೆ ವಕೀಲರು ಬೇಕಲ್ಲ," ಎಂದೆ. ಅತ್ತಿಗೆ ನನ್ನ ಮೊಣಕೈ ಚಿವುಟಿದರು.

ಮೇಷ್ಟ್ರ ಮೇಜಿನ ಮೇಲೆ ಮಾನಿಟರ್ ಉರಿಯುತ್ತಿತ್ತು. ಅದರ ನೀಲಿ ಬಟ್ಟೆಯ ಮುಸುಕನ್ನು ಯಾರೋ ಹಿಂದಕ್ಕೆ ಮುಂದಕ್ಕೆ ಪಟ್ಟಿಪಟ್ಟಿಯಾಗಿ ಮಡಚಿ ಸ್ಟೂಲಿನ ಮೇಲಿಟ್ಟಿದ್ದರು.

"ಇದನ್ನ ತೆಗೆದವರು ಯಾರು?" ಎಂದರು ಅತ್ತಿಗೆ.

"ಯಾರಿಗೆ ಗೊತ್ತು? ಬೆಳಿಗ್ಗೆ ನಾನು ಬಂದಾಗಲೇ ಹೀಗಿತ್ತು. ಮಾನಿಟರೂ ಉರೀತಿತ್ತು," ಎಂದರು ಯಜಮಾನರು. ನಾನು ಅದಕ್ಕೆ ಕಿವಿಗೊಡಲಿಲ್ಲ.

"ಮೇಷ್ಟ್ರೇ, ಪಾಸ್‌ವರ್ಡ್ ಕೊಟ್ಟ ಮೇಲೆ ನಿಮಗೆ ಏನು ಕೇಳಿಸುತ್ತೆ?" ಎಂದು ಅತ್ತಿಗೆ ಕೇಳಿದರು.

"ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಲಾಗಿನ್ ಪುಟ ಬಂದಾಗ ಆಗೋ 'ಟಿಣ್' ಮತ್ತೆ ಕೇಳಿಸುತ್ತೆ."

"ಈಗ ಬೇಕಂತಲೇ ತಪ್ಪು ಪಾಸ್‌ವರ್ಡ್ ಕೊಡಿ."

ಮೇಷ್ಟ್ರು ಏನೋ ಒತ್ತಿದರು. ಕಂಪ್ಯೂಟರಿನ ಹೆಣ್ಣುದನಿ ತಕ್ಷಣ "ಪಾಸ್‌ವರ್ಡ್ ತಪ್ಪಾಗಿದೆ" ಎಂದಿತು. ಸರಿಯಾದದ್ದು ಕೊಟ್ಟಾಗ ಮಾತಿಲ್ಲ. ಪರದೆ ಕಪ್ಪಾಯಿತು, 'ಟಿಣ್' ಎಂದಿತು, ಮತ್ತದೇ ಲಾಗಿನ್ ಪುಟ.

ಅತ್ತಿಗೆ ಯಜಮಾನರಿಂದ ಅವರ ಲಾಗಿನ್ ಮಾಡಿಸಿದರು. ಅದು ಸಲೀಸಾಗಿ ತೆರೆಯಿತು. ಅದನ್ನು ಮುಚ್ಚಿ ಮೂರು ಗುಂಡಿ ಒಟ್ಟಿಗೆ ಒತ್ತಿದಾಗ ಚಿತ್ರವಿಲ್ಲದ, ಬರೀ ಅಕ್ಷರಗಳ ಕಪ್ಪು ಪರದೆ ಬಂತು. ಅಲ್ಲಿ ಮೇಷ್ಟ್ರ ಪಾಸ್‌ವರ್ಡ್ ಕೊಟ್ಟರೆ ಬಾಗಿಲು ತೆರೆದೇಬಿಟ್ಟಿತು! ಅತ್ತಿಗೆ ಫೈಲುಗಳ ಪಟ್ಟಿಯ ಒಂದು ಸಾಲಿನ ಮೇಲೆ ಬೆರಳಿಟ್ಟು ಯಜಮಾನರ ಕಡೆ ತಿರುಗಿದರು.

"ಕಂಪ್ಯೂಟರಲ್ಲಿ ಏನು ಬೇಕಾದ್ರೂ ಬದಲಾಯಿಸೋ ಅಡ್ಮಿನ್ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?"

"ನನಗೆ, ನನ್ನ ತಂಗಿಗೆ. ಮೇಷ್ಟ್ರಿಗೆ ಕೊಟ್ಟಿಲ್ಲ."

"ಹಾಗಿದ್ರೆ ಮಷೀನು ನಿಲ್ಲಿಸಿ ಎಲ್ಲರೂ ಇಲ್ಲಿ ಬನ್ನಿ."

ಮೇಜಿನ ಸುತ್ತ ನಾವು ಐದು ಜನ. ಗೋಡೆ ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು. ಮೇಷ್ಟ್ರು ಕೋಲನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದರು.

"ಪಾಸ್‌ವರ್ಡ್ ತಪ್ಪಾಗಿದ್ರೆ ಕಂಪ್ಯೂಟರ್ ಬಾಯಿಬಿಟ್ಟು ಹೇಳುತ್ತೆ," ಎಂದು ಅತ್ತಿಗೆ ಶುರುಮಾಡಿದರು. "ಮೇಷ್ಟ್ರದಕ್ಕೆ ಹೇಳಲಿಲ್ಲ. ಅಂದ್ರೆ ಪಾಸ್‌ವರ್ಡ್ ಸರಿ, ಅದನ್ನ ಯಾರೂ ಬದಲಾಯಿಸಿಲ್ಲ. ಯಜಮಾನರೇ, ನಿಮ್ಮ ಲಾಗಿನ್ ಇದೇ ಕಂಪ್ಯೂಟರಲ್ಲಿ ತೆರೆಯಿತು. ಹಾಗಾಗಿ ಅಪ್‌ಡೇಟ್ ಮೇಲೂ ತಪ್ಪು ಹೊರಿಸೋಕಾಗಲ್ಲ. ಕೆಟ್ಟಿರೋದು ಮೇಷ್ಟ್ರ ಪಾಲಿನ ಒಂದೇ ಒಂದು ಚೂರು. ಲಾಗಿನ್ ಆದಾಗೆಲ್ಲ ಕಂಪ್ಯೂಟರ್ ಒಂದು ಪುಟ್ಟ ಅಡಗು ಫೈಲಿನಲ್ಲಿ ಗುರುತು ಬರೀಬೇಕು. ಮೇಷ್ಟ್ರ ಹೆಸರಲ್ಲಿರಬೇಕಾದ ಆ ಫೈಲು ಈಗ ಅಡ್ಮಿನ್ ಹೆಸರಲ್ಲಿದೆ. ಗುರುತು ಬರೆಯೋಕಾಗದೆ ಅವರನ್ನ ವಾಪಸ್ ಬಾಗಿಲಿಗೆ ತಂದು ಬಿಡ್ತಿದೆ. ಅದು ಬದಲಾಗಿದ್ದು ನಿನ್ನೆ ಸಂಜೆ ಐದೂ ನಲವತ್ತಕ್ಕೆ."

"ಆಗ ನಾನು ಬಸ್ಸಲ್ಲಿದ್ದೆ!" ಎಂದರು ಮೇಷ್ಟ್ರು.

"ಹೌದು. ನೀವು ಮಾನಿಟರನ್ನ ಯಾವತ್ತಾದರೂ ಹಾಕಿದ್ದೀರಾ?"

"ನನಗ್ಯಾಕಮ್ಮ ಅದು? ದನಿ ಸಾಕು. ಮುಸುಕು ಹೊದ್ದುಕೊಂಡೇ ಇರುತ್ತೆ."

"ಸರಿ. ಕಣ್ಣು ಕಾಣೋರು ಯಾರೋ ಮುಸುಕು ತೆಗೆದು ಮಾನಿಟರ್ ಹಾಕ್ಕೊಂಡಿದ್ದಾರೆ. ಅಡ್ಮಿನ್ ಪಾಸ್‌ವರ್ಡ್ ಗೊತ್ತಿರೋರು. ಅಣ್ಣ ತಂಗಿ ಇಬ್ಬರಲ್ಲಿ ಒಬ್ಬರು." ಅತ್ತಿಗೆ ಮುಸುಕನ್ನು ಎತ್ತಿ ಹಿಡಿದರು. "ಬಟ್ಟೆನ ಎಲ್ಲರೂ ಎರಡು ಮಡಿಕೆ, ನಾಲ್ಕು ಮಡಿಕೆ ಮಾಡ್ತಾರೆ. ಇದನ್ನ ಮಷೀನಿನ ಕಾಗದದ ಹಾಗೆ ಹಿಂದಕ್ಕೆ ಮುಂದಕ್ಕೆ ಮಡಚಿದ್ದಾರೆ. ದಿನವಿಡೀ ಅದೇ ಕೆಲಸ ಮಾಡೋ ಕೈ ಇದು."

ಎಲ್ಲರೂ ಯಜಮಾನರ ತಂಗಿಯ ಕಡೆ ತಿರುಗಿದೆವು. ಅವಳ ಕಣ್ಣು ತುಂಬಿತ್ತು.

"ಅಪ್‌ಡೇಟ್ ಆದ್ಮೇಲೆ ಮಷೀನಲ್ಲಿ ಹಾಳೆಯ ಅಂಚು ಸರಿದುಬಿಟ್ಟಿತ್ತು. ಸರಿ ಮಾಡದೆ ಮನೆಗೆ ಹೋಗಲ್ಲ ಅಂತ ಹಟ ಹಿಡಿದೆ. ಮೇಷ್ಟ್ರ ಲಾಗಿನ್ ತೆರೆದಿತ್ತು, ಅಲ್ಲೇ ಅಡ್ಮಿನ್ ಆಗಿ ಮಷೀನಿನ ಸೆಟ್ಟಿಂಗ್ ತೆರೆದೆ. ಹೀಗಾಗುತ್ತೆ ಅಂತ ದೇವರಾಣೆ ಗೊತ್ತಿರ್ಲಿಲ್ಲ."

"ನೀನು ಇಲ್ಲಿ ಕೂತಿದ್ದು ನಿನಗೆ ಗೊತ್ತಿತ್ತಲ್ಲ!" ನನಗೆ ತಡೆಯಲಾಗಲಿಲ್ಲ. "ಬೆಳಿಗ್ಗೆಯಿಂದ ಅವರ ಮಾನ ಹರಾಜಾಗ್ತಿದ್ರೂ ಬಾಯಿಗೆ ಬೀಗ ಹಾಕ್ಕೊಂಡಿದ್ಯಲ್ಲ!"

"ಕಂಪ್ಯೂಟರ್ ಮುಟ್ಟಿದ್ರೆ ಕೆಲಸದಿಂದ ತೆಗೀತೀನಿ ಅಂತ ಅಣ್ಣ ಹೇಳಿದ್ದ. ಹೆದರಿಕೆ ಆಯ್ತು."

ಅತ್ತಿಗೆ ಆ ಫೈಲನ್ನು ಅಳಿಸಲಿಲ್ಲ. ಹೆಸರು ಬದಲಾಯಿಸಿ ಪಕ್ಕಕ್ಕೆ ಸರಿಸಿದರು. "ಹೊಸದು ತಾನಾಗೇ ಹುಟ್ಟುತ್ತೆ. ಈಗ ಪಾಸ್‌ವರ್ಡ್ ಕೊಡಿ ಮೇಷ್ಟ್ರೇ."

ಮೇಷ್ಟ್ರು ಪಾಸ್‌ವರ್ಡ್ ಒತ್ತಿದರು. ಪರದೆ ಕಪ್ಪಾಯಿತು. 'ಟಿಣ್' ಬರಲಿಲ್ಲ. "ಗಣಿತ, ತಿದ್ದಿದ ಪ್ರತಿ," ಎಂದು ಹೆಣ್ಣುದನಿ ಓದಿತು. ಮೇಷ್ಟ್ರು ಕುರ್ಚಿಗೆ ಒರಗಿ ಮುಖ ಮುಚ್ಚಿಕೊಂಡರು.

ಯಜಮಾನರು ಫೋನ್ ತೆಗೆದು ರಿಪೇರಿಯವರಿಗೆ ಬರುವುದು ಬೇಡ ಎಂದರು. ಆಮೇಲೆ ತಲೆತಗ್ಗಿಸಿ, "ತಪ್ಪಾಯ್ತು ಮೇಷ್ಟ್ರೇ. ನನ್ನ ತಂಗಿನ ಒಂದು ಮಾತೂ ಕೇಳದೆ ನಿಮ್ಮನ್ನ ಅಂದುಬಿಟ್ಟೆ," ಎಂದರು. ತಾವೇ ಕೂತು ಮೊದಲ ಪುಟದ ಕೊನೆಗೆ ಒಂದು ಸಾಲು ಟೈಪ್ ಮಾಡಿ, ತಂಗಿಗೆ ಅಚ್ಚು ಹಾಕಲು ಹೇಳಿದರು.

ಅವಳು ಆ ಹಾಳೆ ಹರಿದು ಮೇಷ್ಟ್ರ ಕೈಗಿಟ್ಟಳು. ಅವರ ಬೆರಳು ಸರಸರನೆ ಇಳಿದು, ಕೊನೆಯ ಸಾಲಿನಲ್ಲಿ ನಿಂತಿತು.

"ಏನಿದೆ ಅದರಲ್ಲಿ?" ಎಂದೆ.

"ಕರಡು ತಿದ್ದಿದವರು ಅಂತ ಇದೆ. ಮುಂದೆ ನನ್ನ ಹೆಸರು." ಆ ಸಾಲನ್ನು ಅವರು ಮೂರು ಸಲ ಸವರಿದರು. ಆಮೇಲೆ ಬೆರಳು ಹಾಳೆಯ ಎಡಬದಿಗೆ ಹೋಯಿತು, ಹುಬ್ಬು ಗಂಟಿಕ್ಕಿತು. "ಅಂಚು ಇನ್ನೂ ಸರಿಹೋಗಿಲ್ಲ ಕಣಮ್ಮ. ಮಾನಿಟರ್ ಹಾಕ್ಕೊಂಡು ನನ್ನ ಪಕ್ಕ ಕೂತ್ಕೋ, ಇಬ್ಬರೂ ಸೇರಿ ನೋಡೋಣ."

ಅವಳು ಕಣ್ಣೊರೆಸಿಕೊಂಡು ಸ್ಟೂಲು ಎಳೆದುಕೊಂಡಳು. ನಾನು ರದ್ದಿ ಬುಟ್ಟಿಯನ್ನು ಮೇಷ್ಟ್ರ ಕಡೆ ಸರಿಸಿದೆ. ಅವರು ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು.