ಎಡಗಡೆಯ ಕುರ್ಚಿ

೧೯೯೮ರ ಏಪ್ರಿಲ್‌ನ ಒಂದು ಭಾನುವಾರ ಮಧ್ಯಾಹ್ನ ನೆದರ್‌ಲ್ಯಾಂಡ್ಸ್‌ನ ಜೂಟರ್‌ಮೀರ್ ಊರಿನಲ್ಲಿ ನಡೆದದ್ದಿದು. ಅಮೆರಿಕದ ಹಳ್ಳಿಗಾಡಿನ ತಂತಿವಾದ್ಯ ಸಂಗೀತವಾದ ಬ್ಲೂಗ್ರಾಸ್ ನುಡಿಸುವ ಅಲ್ಲಿನ ತಂಡವೊಂದು ಮೇ ತಿಂಗಳ ಉತ್ಸವಕ್ಕೆ ಮ್ಯಾಂಡೊಲಿನ್ ನುಡಿಸುವವರನ್ನು ಹುಡುಕುತ್ತಿತ್ತು. ಸಾಫ್ಟ್‌ವೇರ್ ಕೆಲಸಕ್ಕೆಂದು ಆ ದೇಶಕ್ಕೆ ಬಂದಿದ್ದು, ಮೈಸೂರಿನಲ್ಲಿ ಕಲಿತದ್ದನ್ನು ನಂಬಿ ಹೋದ ನನಗೆ ಸಿಕ್ಕಿದ್ದು ಒಂದೇ ಅವಕಾಶ.

"ತಪ್ಪು ಮಾಡಿದ್ರೆ ವಾಪಸ್ ಕಂಪ್ಯೂಟರ್ ಮುಂದೇನೇ ಮಗಾ," ಎಂದು ಗೆಳೆಯ ಶಹಬಾಜ್ ಕಿಚಾಯಿಸಿ, ಗೋಡೆ ಪಕ್ಕ ಕೂತ.

ವೃತ್ತದಲ್ಲಿ ಐದು ಕುರ್ಚಿಗಳಿದ್ದವು, ನುಡಿಸುವವರು ನಾವು ನಾಲ್ವರು. ನನ್ನ ಎಡಗಡೆಯದು ಫೆಬ್ರವರಿಯಲ್ಲಿ ತೀರಿಕೊಂಡ ಬ್ಯಾಂಜೊ ವಾದಕ ವಾಲ್ಟರ್‌ನದು. ಬ್ಲೂಗ್ರಾಸ್‌ನಲ್ಲಿ ತಮ್ಮ ಸರದಿ ಮುಗಿಸಿದವರು ಪಕ್ಕದವರಿಗೆ ತಲೆಯಾಡಿಸಿ ಹಾಡನ್ನು ದಾಟಿಸುತ್ತಾರೆ.

"ಅವನ ಸರದೀಲಿ ಹದಿನಾರು ಆವರ್ತ ತಾಳ ಮಾತ್ರ ಹಿಡೀತೀವಿ. ನೀವು ಎಣಿಸಿ ಶುರು ಮಾಡಿ," ಎಂದರು ಗಿಟಾರ್ ನುಡಿಸುವ ಮರೈಕೆ.

ಎಣಿಸಿದೆ. ಹತ್ತರ ಹೊತ್ತಿಗೆ ಎಡ ಮೊಣಕೈ ತಣ್ಣಗಾಯಿತು. ಕಿಟಕಿಗಳೆಲ್ಲ ಮುಚ್ಚಿದ್ದವು. ಹದಿಮೂರಕ್ಕೆ ಖಾಲಿ ಕುರ್ಚಿ ತಾಳಕ್ಕೆ ಸರಿಯಾಗಿ ಕಿರುಗುಟ್ಟತೊಡಗಿತು. ನಾನು ಅತ್ತ ನೋಡಲಿಲ್ಲ. ಆದರೂ ಹದಿನಾರು ಮುಗಿಯುತ್ತಿದ್ದಂತೆ ಕಣ್ಣಂಚಿನಲ್ಲಿ ಯಾರೋ ತಲೆಯಾಡಿಸಿದಂತಾಗಿ ನುಡಿಸಿಬಿಟ್ಟೆ.

ಹಾಡು ಮುಗಿಯಿತು. "ಅರ್ಧ ಎಣಿಕೆ ಮೊದಲೇ ಶುರು ಮಾಡಿದ್ರಿ," ಎಂದರು ಮರೈಕೆ.

ಅವಕಾಶ ಹೋಯಿತೆಂದುಕೊಂಡೆ. "ಕ್ಷಮಿಸಿ, ಯಾರೋ ತಲೆಯಾಡಿಸಿದ ಹಾಗೆ ಕಾಣಿಸ್ತು."

ಯಾರೂ ನಗಲಿಲ್ಲ.

"ವಾಲ್ಟರ್ ಯಾವಾಗ್ಲೂ ಅರ್ಧ ಎಣಿಕೆ ಮೊದಲೇ ತಲೆಯಾಡಿಸ್ತಿದ್ದ. ಹನ್ನೊಂದು ವರ್ಷ ಬೈದ್ರೂ ತಿದ್ದೋಕಾಗಲಿಲ್ಲ," ಎನ್ನುತ್ತ ಮರೈಕೆ ಉತ್ಸವದ ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಂಡರು.