ಮೊದಲ ವೀಳ್ಯ ಯಾರಿಗೆ?

ಈ ಕತೆಯನ್ನು ನನಗೆ ಮೊದಲು ಹೇಳಿದ್ದು ನಮ್ಮ ಕಾಲೇಜು ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದ ಸಾವಂತ್ರಕ್ಕ. ಯಾವುದೋ ಸಮ್ಮಿಶ್ರ ಸರ್ಕಾರ ಬಿದ್ದ ದಿನ ರೇಡಿಯೋ ಆರಿಸಿ, ಚಪಾತಿ ಲಟ್ಟಿಸುತ್ತಾ ಹೇಳಿದ್ದರು.

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಮುತ್ತಿನಕೋಟೆ ಎಂಬ ರಾಜ್ಯವಿತ್ತು. ಒಂದು ಸಂತೆಯ ದಿನ ಧೂಮಾಕ್ಷ ಎಂಬ ಮಾಂತ್ರಿಕ ಅಲ್ಲಿಗೆ ಬಂದು ಬಾಯಿತುಂಬ ಹೊಗೆ ಊದಿದ. ಸಂತೆ ನೋಡಲು ಬಂದಿದ್ದ ರಾಜನಿಂದ ಹಿಡಿದು ಸೊಪ್ಪಿನವಳವರೆಗೆ ಎಲ್ಲರೂ ಉಪ್ಪಿನ ಬೊಂಬೆಗಳಾದರು.

ಎಲೆ ಕೊಯ್ಯಲು ವೀಳ್ಯದೆಲೆ ತೋಟಕ್ಕೆ ಹೋಗಿದ್ದ ದೇವೀರಿ ಒಬ್ಬಳು ಉಳಿದಳು. ಬಂದು ನೋಡಿದರೆ, ಎಲೆ ಮಾರುತ್ತಿದ್ದ ಅವಳ ಅವ್ವ ಕೆಂಚವ್ವ ಚೌಕಾಶಿಗೆ ಎತ್ತಿದ ಕೈ ಎತ್ತಿದಂತೆಯೇ ಉಪ್ಪಾಗಿ ನಿಂತಿದ್ದಳು.

ಆಗ ಸಂತೆಮಾಳದ ಬೇವಿನ ಮರ ಬಾಯಿ ಬಿಟ್ಟಿತು. "ಅಳಬೇಡ ಮಗಳೇ. ಮಾಂತ್ರಿಕನ ಉಸಿರು ಏಳು ಸುಳಿಯ ಮಡುವಿನಾಚೆಯ ಗವಿಯಲ್ಲಿ, ಒಂದು ಹಂಡೆಯಲ್ಲಿದೆ. ಮೂರು ಊರಿನ ಮೂರು ಕೈ ಒಟ್ಟಿಗೆ ಎತ್ತಿದರೆ ಮಾತ್ರ ಮುಚ್ಚಳ ಏಳುತ್ತದೆ, ಮಾಟ ಬಿಡುತ್ತದೆ. ಮಳೆಗೆ ಮುಂಚೆ ಎತ್ತಿಸು. ಮಳೆ ಬಿತ್ತೋ, ನಿಮ್ಮವ್ವ ಕರಗಿದಳು."

ದೇವೀರಿ ಎಲೆಬುಟ್ಟಿ ಹೊತ್ತು ಹೊರಟಳು.

ಆನೆಯೂರಿನ ಒಡೆಯ ಭರಮಣ್ಣ ಹೇಳಿದ: "ಬರ್ತೀನಿ ತಾಯಿ. ಆದರೆ ಆ ಗಿಡುಗನೂರಿನ ಚಿನ್ನಪ್ಪನ ಪಕ್ಕ ಮಾತ್ರ ಕೂರಿಸಬೇಡ."

ಗಿಡುಗನೂರಿನ ಒಡೆಯ ಚಿನ್ನಪ್ಪ ಹೇಳಿದ: "ಬರ್ತೀನಿ ತಂಗಿ. ಆದರೆ ಆ ಮೊಸಳೆಯೂರಿನವನ ಹಿಂದೆ ಮಾತ್ರ ನಡೆಸಬೇಡ."

ಮೊಸಳೆಯೂರಿನ ಒಡೆಯ ಕಾಳಿಂಗರಾಯ ಹೇಳಿದ: "ಬರ್ತೀನಮ್ಮ. ಆದರೆ ಆ ಭರಮಣ್ಣನ ಪೇಟ ನನ್ನ ಪೇಟಕ್ಕಿಂತ ಎತ್ತರ ಇರಕೂಡದು."

ದೇವೀರಿ ಮೂವರಿಗೂ "ಆಗಲಿ" ಅಂದಳು. ಬೇರೆ ಏನು ಅನ್ನುತ್ತಾಳೆ, ಪಾಪ!

ಮೊದಲು ಉರಿಯುವ ಕಾಡು ಅಡ್ಡ ಬಂತು. ಭರಮಣ್ಣನ ಆನೆಗಳು ಸೊಂಡಿಲಲ್ಲಿ ಕೆರೆಯನ್ನೇ ಹೀರಿ ತಂದು ಬೆಂಕಿ ಆರಿಸಿದವು. ಆಮೇಲೆ ಗಾಜಿನ ಬೆಟ್ಟ ಅಡ್ಡ ಬಂತು. ಚಿನ್ನಪ್ಪನ ಗಿಡುಗಗಳು ಎಲ್ಲರನ್ನೂ, ಆನೆಗಳನ್ನೂ ಸೇರಿಸಿ, ಎತ್ತಿ ದಾಟಿಸಿದವು. ಕಡೆಗೆ ಏಳು ಸುಳಿಯ ಮಡು ಅಡ್ಡ ಬಂತು. ಕಾಳಿಂಗರಾಯನ ಮೊಸಳೆಗಳು ಸಾಲಾಗಿ ಮಲಗಿ ಸೇತುವೆಯಾದವು.

ಅಷ್ಟು ಹೊತ್ತಿಗೆ ಮೂವರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಕಾಳಿಂಗರಾಯ ಭರಮಣ್ಣನನ್ನು ಬಾಯಿತುಂಬ "ಅಣ್ಣಾ" ಅನ್ನುತ್ತಿದ್ದ. ನೋಡಿದರೆ ಕಣ್ಣು ತುಂಬಿ ಬರಬೇಕು, ಹಾಗಿತ್ತು.

ಗವಿಯೊಳಗೆ ಹಂಡೆ ಸಿಕ್ಕಿತು. ಅದರ ಹೊಳೆಯುವ ಹೊಟ್ಟೆಯಲ್ಲಿ ಸಂತೆಮಾಳ ಕಾಣುತ್ತಿತ್ತು. ಬೊಂಬೆಗಳ ಮೇಲೆ ಮೋಡ ಕವಿದಿತ್ತು.

ಆ ಸೀಮೆಯಲ್ಲಿ ವೀಳ್ಯ ಹಿಡಿಯದೆ ಯಾರೂ ದೊಡ್ಡ ಕೆಲಸಕ್ಕೆ ಕೈಹಾಕರು. ದೇವೀರಿ ಮೂರು ವೀಳ್ಯ ಮಡಿಚಿ, ತಟ್ಟೆಯಲ್ಲಿಟ್ಟು, "ತಗೊಳ್ಳಿ" ಅಂದಳು. ತಪ್ಪಾಗಿದ್ದು ಅಲ್ಲೇ. ಮೂರು ಕೈ ಮುಂದೆ ಬಂದವು, ಮೂರೂ ನಡುವೆ ನಿಂತವು. ಮೊದಲ ವೀಳ್ಯ ಹಿಡಿದವನೇ ಅಲ್ಲವೆ ಹಿರಿಯ?

"ಬೆಂಕಿ ಆರಿಸಿದ್ದು ನನ್ನ ಆನೆ," ಅಂದ ಭರಮಣ್ಣ.

"ಆ ಆನೆಯನ್ನ ಬೆಟ್ಟ ದಾಟಿಸಿದ್ದು ಯಾರಪ್ಪಾ?" ಅಂದ ಚಿನ್ನಪ್ಪ.

"ನನ್ನ ಮೊಸಳೆ ಬೆನ್ನು ಕೊಡದಿದ್ರೆ ಇಬ್ರೂ ಮಡುವಿನ ಆಚೆ ಕೂತು ಹರಟೆ ಹೊಡೀಬೇಕಿತ್ತು," ಅಂದ ಕಾಳಿಂಗರಾಯ.

"ಮೂವರೂ ಒಟ್ಟಿಗೆ ತಗೊಳ್ರಪ್ಪ!" ಎಂದು ದೇವೀರಿ ಬೇಡಿಕೊಂಡಳು.

"ತಟ್ಟೆ ಯಾರ ಕಡೆ ವಾಲಿದೆ ನೋಡು ಮೊದಲು!" ಅಂದ ಭರಮಣ್ಣ.

ಈ ಸಮಯವನ್ನೇ ಕಾಯುತ್ತಿದ್ದ ಧೂಮಾಕ್ಷ ಹೊಗೆಯಾಗಿ ತೆವಳಿ ಬಂದ. ಒಬ್ಬೊಬ್ಬನ ಕಿವಿಯಲ್ಲೂ ಬೇರೆಬೇರೆಯಾಗಿ ಉಸುರಿದ: "ಇವರನ್ನು ಬಿಡು. ಮುತ್ತಿನಕೋಟೆಯ ಮೊದಲ ವೀಳ್ಯ ನಿನಗೇ." ಮೂವರೂ ನಂಬಿದರು. ಒಬ್ಬೊಬ್ಬನೇ ಹೋಗಿ ಮುಚ್ಚಳ ಎಳೆದ, ಅದು ಅಲುಗಲಿಲ್ಲ. ಗವಿಯ ಮೂರು ಮೂಲೆಗೆ ಹೋಗಿ, ಬೆನ್ನು ತಿರುಗಿಸಿ ಕೂತರು.

ಹಂಡೆಯ ಹೊಟ್ಟೆಯಲ್ಲಿ ಮೊದಲ ಹನಿ ಬಿತ್ತು. ಕೆಂಚವ್ವನ ಎತ್ತಿದ ಕೈಯಲ್ಲಿ ಕಿರುಬೆರಳು ಕರಗಿ ಹೋಯಿತು.

"ಅವ್ವಾ!" ಎಂದು ಚೀರಿದಳು ದೇವೀರಿ. ಮರುಕ್ಷಣ ಅವಳಿಗೆ ಹೊಳೆಯಿತು: ಬೇವಿನ ಮರ ಕೇಳಿದ್ದು ಮೂರು ಕೈ. ಪೇಟ ಕೇಳಿರಲಿಲ್ಲ.

ತಟ್ಟೆ ಹಿಡಿದು ಗವಿಯ ಬಾಗಿಲಿಗೆ ಓಡಿದಳು. ಅಲ್ಲಿ ಒಡೆಯರ ಜೊತೆ ಬಂದಿದ್ದ ಆನೆಯೂರಿನ ಮಾವುತ, ಗಿಡುಗನೂರಿನ ಹಕ್ಕಿಗಾರ, ಮೊಸಳೆಯೂರಿನ ಅಂಬಿಗರವಳು ಕೂತಿದ್ದರು.

"ಅಣ್ಣಾ, ಅಕ್ಕಾ, ಮೊದಲು ಯಾರು ತಗೋತೀರಿ?" ಅಂದಳು ಅಂಜುತ್ತಲೇ.

"ಸುಣ್ಣ ಹಚ್ಚಿದ್ದೀಯಾ, ಅಷ್ಟು ಹೇಳವ್ವ," ಅಂದ ಮಾವುತ. "ಮೂರು ದಿನದಿಂದ ಬಾಯಿ ಬಣಬಣ ಅಂತಿದೆ."

ಮೂವರೂ ಬಾಯಿಗೆ ಹಾಕಿಕೊಂಡರು, ಬಂದು ಮುಚ್ಚಳಕ್ಕೆ ಕೈಹಾಕಿದರು. ಅದು ಒಂದು ಗೇಣು ಎದ್ದಿತು. ಒಳಗಿನ ಹೊಗೆ ಅದನ್ನು ಮತ್ತೆ ಕೆಳಕ್ಕೆ ಜಗ್ಗಿತು. ಮೂಲೆಯಲ್ಲಿದ್ದ ಒಡೆಯರು ಕದ್ದು ನೋಡಿದರು.

"ಅಯ್ಯಯ್ಯೋ, ನಾವಿಲ್ಲದೆ ಎತ್ತೇಬಿಡ್ತಾರಲ್ಲೋ!" ಅಂದ ಚಿನ್ನಪ್ಪ.

ಮೂವರೂ ಎದ್ದುಬಿದ್ದು ಓಡಿ ಬಂದು ಹೆಗಲು ಕೊಟ್ಟರು. ಪೇಟಗಳು ಬಿದ್ದು ಕಾಲಡಿ ಸಿಕ್ಕಿದವು, ಯಾರೂ ಬಗ್ಗಲಿಲ್ಲ. ಮುಚ್ಚಳ ಹಾರಿತು. ಧೂಮಾಕ್ಷ ತೆಳ್ಳಗಾಗಿ, ಗಾಳಿಗೆ ಸಿಕ್ಕಿ ಇಲ್ಲವಾದ.

ಸಂತೆಮಾಳದಲ್ಲಿ ಉಪ್ಪು ಮೈಯಾಯಿತು. ಗಿಡುಗನ ಬೆನ್ನೇರಿ ಬಂದಿಳಿದ ಮಗಳನ್ನು ಕೆಂಚವ್ವ ಕಂಡಳು. "ಮಳೆ ಹನೀತಿದೆ, ಎಲೆ ಒಳಗಿಡೋದು ಬಿಟ್ಟು ಎಲ್ಲಿ ಸುತ್ತೋಕೆ ಹೋಗಿದ್ದೆಯೇ?" ಎಂದು ಬೈದಳು. ಒಂದು ಬೆರಳಿಲ್ಲದ ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡು ದೇವೀರಿ ಬಿಕ್ಕಿ ಬಿಕ್ಕಿ ಅತ್ತಳು.

ಒಡೆಯರ ಕೂಟ ಆ ವಾರವೇ ಮುರಿಯಿತು. ರಾಜ ಮಾವುತನನ್ನೂ ಹಕ್ಕಿಗಾರನನ್ನೂ ಅಂಬಿಗರವಳನ್ನೂ ಮಂತ್ರಿಗಳನ್ನಾಗಿ ಮಾಡಿಕೊಂಡ. ಒಡೆಯರಿಗೆ ವರ್ಷಕ್ಕೊಮ್ಮೆ ಅರಮನೆಯಲ್ಲಿ ಊಟ. ಉಂಡರು, ಜಗಳವಾಡಿದರು, ಮುಂದಿನ ವರ್ಷ ಮತ್ತೆ ಬಂದರು. ಎಲ್ಲರೂ ನೂರು ವರ್ಷ ನೆಮ್ಮದಿಯಾಗಿ ಬಾಳಿದರು.

ಕೇಳಿದಿರಲ್ಲ, ನೀವೂ ಇನ್ನೊಬ್ಬರಿಗೆ ಹೇಳಿ. ಹೇಳುವಾಗ ಆ ಮೂವರು ಒಡೆಯರ ಹೆಸರನ್ನು ಯಾವ ಕ್ರಮದಲ್ಲಾದರೂ ಹೇಳಿ. ಹೇಗೆ ಹೇಳಿದರೂ ಇಬ್ಬರಿಗೆ ಬೇಜಾರಾಗುತ್ತದೆ.