ಕ್ಯಾಚರ್ ಹೆಸರಿನ ಖಾಲಿ ಜಾಗ

ಆಗಸ್ಟ್ ಕೊನೆಯ ವಾರ. ಆ ವರ್ಷ ಬಿಸಿಲು ಜೋರಾಗಿದ್ದು ಮೆಕ್ಕೆಜೋಳ ಎರಡು ವಾರ ಮೊದಲೇ ಒಣಗಿತ್ತು. ಹಾರ್ಲನ್ ಫೋರ್ಕ್ ಊರಿನ ಧಾನ್ಯದ ಗೋದಾಮಿನ ಮುಂದೆ ಬೆಳಗ್ಗೆ ಆರಕ್ಕೇ ಲಾರಿಗಳು ಸಾಲುಗಟ್ಟುತ್ತಿದ್ದವು. ಮಾರ್ಲಿಸ್ ಹೂಕ್‌ಸ್ಟ್ರಾ ಒಂದೊಂದು ಲಾರಿಯಿಂದಲೂ ಬೊಗಸೆ ಕಾಳು ತೆಗೆದು, ತೇವ ನೋಡಿ, ತೂಕದ ಚೀಟಿ ಬರೆದುಕೊಡುವಳು. ಮಧ್ಯಾಹ್ನ ಮೂರಕ್ಕೆ ಮುಖ ತೊಳೆದು, ಕೂದಲಿಗೆ ಹಿಡಿದ ಹೊಟ್ಟು ಕೊಡವಿಕೊಂಡು, ಬೇಸ್‌ಬಾಲ್ ಮೈದಾನಕ್ಕೆ ಹೋಗುವಳು. ಅಲ್ಲಿ ಅವಳು ಸ್ಕೋರರ್. ಯಾವ ಬಾಲ್ ಯಾರ ತಪ್ಪಿನಿಂದ ಹೋಯಿತು ಎಂದು ತೀರ್ಮಾನಿಸಿ ಬರೆಯುವವಳು. ಊರಿನ ತಂಡ ದೊಡ್ಡ ಲೀಗಿಗಿಂತ ನಾಲ್ಕು ಮೆಟ್ಟಿಲು ಕೆಳಗಿನದು, ನಿಜ. ಆದರೆ ಆ ಮೈದಾನದ ಮಟ್ಟಿಗೆ ಅವಳು ಬರೆದದ್ದೇ ಕೊನೆ.

ಎಲಿಯಾಸ್ ಬ್ರಾಂಟ್ಲಿಯ ಪರಿಚಯವಾದದ್ದೂ ಹಾಗೊಂದು ತಪ್ಪಿನಿಂದಲೇ. ಅವನು ಊರಿನ ತಂಡದ ಕ್ಯಾಚರ್, ಬ್ಯಾಟು ಹಿಡಿದವನ ಹಿಂದೆ ಕೂತು ಬಾಲು ಹಿಡಿಯುವವನು. ಜೂನ್ ತಿಂಗಳ ಒಂದು ಆಟದಲ್ಲಿ ಬಾಲು ಅವನ ಕೈಗವಸಿನ ಪಕ್ಕದಿಂದ ಹಾದು ಹಿಂದಿನ ಬೇಲಿಗೆ ಬಡಿಯಿತು. ಮಾರ್ಲಿಸ್ ಅದನ್ನು ಎಸೆದವನ ತಪ್ಪು ಎಂದು ಬರೆದಳು. ಆಟ ಮುಗಿದ ಮೇಲೆ, ಕಾಲಿಗೆ ಕಟ್ಟಿದ ಪ್ಯಾಡನ್ನೂ ಬಿಚ್ಚದೆ, ಕ್ಯಾಚರ್ ಧಡಧಡ ಮೆಟ್ಟಿಲು ಹತ್ತಿ ಅವಳ ಮೇಜಿನ ಮುಂದೆ ಬಂದು ನಿಂತ. ಜಗಳಕ್ಕೇ ಬಂದನೆಂದು ಅವಳು ನಿಯಮದ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಮೇಡಂ, ಆರನೇ ಇನ್ನಿಂಗ್ಸಿನ ಬಾಲು ನಂದು. ಕೈಗೆ ಬಂದಿತ್ತು, ಬಿಟ್ಟೆ. ನನ್ನ ಹೆಸರಿಗೆ ಬರ್ಕೊಳಿ.”

ಐದು ವರ್ಷದಲ್ಲಿ ಯಾರೂ ತಪ್ಪನ್ನು ಹೀಗೆ ಕೇಳಿ ಬರೆಸಿಕೊಂಡಿರಲಿಲ್ಲ. ಅವಳು ತಲೆಯೆತ್ತಿ ನೋಡಿದಳು. ಹಣೆಯ ಮೇಲೆ ಮುಖವಾಡದ ಪಟ್ಟಿಯ ಗುರುತು, ಅದರ ಕೆಳಗೆ ನಗಲೋ ಬೇಡವೋ ಎಂದು ಕಾಯುತ್ತಿದ್ದ ಎರಡು ಕಣ್ಣು. ತಿದ್ದಿದಳು. ಆಮೇಲೆ ಇನ್ನೂ ಐದು ಸಲ ಅವನು ಹಾಗೆಯೇ ಬಂದ. ಮೂರನೆಯ ಸಲಕ್ಕೆ ‘ಮೇಡಂ’ ಹೋಗಿ ‘ಮಾರ್ಲಿಸ್’ ಆಯಿತು. ನಾಲ್ಕನೆಯ ಸಲದ ಹೊತ್ತಿಗೆ, ಅವನು ಬಂದರೂ ಬರಬಹುದೆಂದು, ಅವಳು ಆಟ ಮುಗಿದು ಎಷ್ಟೋ ಹೊತ್ತಾದರೂ ಪುಸ್ತಕ ಮುಚ್ಚದೆ ಕೂರುತ್ತಿದ್ದಳು.

ಕ್ಯಾಚರ್ ಕುಕ್ಕರಗಾಲಲ್ಲಿ ಕೂತು ಬೆರಳಿನಲ್ಲಿ, ಬಾಲು ಎಸೆಯುವ ಪಿಚರ್‌ಗೆ ಸನ್ನೆ ಮಾಡಬೇಕು. ಸಂಜೆ ಬೆಳಕಿಗೆ ಬೆರಳು ಕಾಣಲೆಂದು ಉಗುರಿಗೆ ಬಿಳಿ ಬಳಿದುಕೊಳ್ಳುತ್ತಾರೆ. ಜುಲೈಯಿಂದ ಆ ಕೆಲಸ ಮಾರ್ಲಿಸಳ ಪಾಲಿಗೆ ಬಂತು. ಮೇಜಿನ ಮೇಲಿನ ವೈಟ್ನರ್ ಬಾಟಲಿ, ಅವನ ಬಲಗೈ, ನಾಲ್ಕು ನಿಮಿಷ. ಎರಡು ಸಲ ಮುರಿದು ಕೂಡಿದ್ದ ನಡುಬೆರಳು ಸ್ವಲ್ಪ ಪಕ್ಕಕ್ಕೆ ತಿರುಗಿತ್ತು. ಅದನ್ನು ಹಿಡಿಯುವಾಗ ಅವಳ ಕೈ ತಾನಾಗಿ ನಿಧಾನವಾಗುತ್ತಿತ್ತು.

“ಗೋದಾಮಲ್ಲೂ ಹೀಗೇನಾ? ಒಂದೊಂದು ಕಾಳೂ ಹಿಡ್ಕೊಂಡು ನೋಡ್ತೀಯಾ?”

“ಕಾಳು ಮಾತಾಡಲ್ಲ. ಅದಕ್ಕೇ ಬೇಗ ಆಗುತ್ತೆ.”

“ಸರಿ, ನಾನೂ ಮಾತಾಡಲ್ಲ,” ಎಂದು ಅವನು ಬಾಯಿ ಮುಚ್ಚಿಕೊಂಡು ಅವಳನ್ನೇ ನೋಡುತ್ತ ಕೂತ. ಅದು ಮಾತಿಗಿಂತ ಕಷ್ಟವಾಯಿತು. ವೈಟ್ನರ್ ಉಗುರು ಬಿಟ್ಟು ಬೆರಳಿಗೆಲ್ಲ ಮೆತ್ತಿತು.

ಆಟದ ಋತು ಮುಗಿಯುತ್ತ ಬಂದಂತೆ ಲೀಗಿನ ಕಚೇರಿಯಿಂದ, ಆ ವರ್ಷದ ಅತ್ಯುತ್ತಮ ಆಟಗಾರರನ್ನು ಆರಿಸುವ ಆಲ್‌ಸ್ಟಾರ್ ತಂಡದ ಮತದ ಹಾಳೆ ಬಂತು. ಎಂಟು ಊರಿನ ತಂಡಗಳು, ತಂಡಕ್ಕೊಂದು ಹಾಳೆ. ನಿಯಮ ಒಂದೇ: ನಿಮ್ಮ ಊರಿನವರ ಹೆಸರನ್ನು ನೀವು ಬರೆಯುವಂತಿಲ್ಲ. ಹಾರ್ಲನ್ ಫೋರ್ಕಿನಲ್ಲಿ ಆ ಹಾಳೆಯನ್ನು ಮೂವರು ಹಂಚಿಕೊಂಡು ತುಂಬುವುದು ರೂಢಿ. ಪಿಚರ್‌ಗಳನ್ನು ಆಟದ ವಿವರಣೆ ಹೇಳುವ ರೇಡಿಯೋದವನು ಬರೆಯುವನು, ಉಳಿದವರನ್ನು ಮ್ಯಾನೇಜರ್ ಆರ್ನಿ ವೆಸ್ಟ್‌ಫಾಲ್. ಕ್ಯಾಚರ್ ಹೆಸರು ಮಾತ್ರ ಸ್ಕೋರರ್‌ಗೆ ಬಿಟ್ಟದ್ದು, ಒಂದು ಬಾಲನ್ನೂ ಬಿಡದೆ ನೋಡಿದವಳು ಅವಳೊಬ್ಬಳೇ ಎಂದು.

ಊರಿನ ಡೈನರ್ ಹೋಟೆಲಿನಲ್ಲಿ ರೇಡಿಯೋದವನ ಪಕ್ಕ ಕೂತು ತಮ್ಮ ಪಾಲನ್ನು ಬರೆದು ಮುಗಿಸಿ ಆರ್ನಿ ಹಾಳೆಯನ್ನು ಅವಳತ್ತ ತಳ್ಳಿದರು. ನೋವಾಗದಂತೆ ಮಾತಾಡಬೇಕಾದಾಗ ಅವರು ಪೈ ತಿನ್ನುವ ಫೋರ್ಕನ್ನು ಕೆಳಗಿಡುತ್ತಿದ್ದರು. ಈಗ ಇಟ್ಟರು. ಮೇಲಿನ ಕ್ಲಬ್ಬಿನವರು ಫೋನು ಮಾಡಿದ್ದರಂತೆ. ಎಲಿಯಾಸನಿಗೆ ಇಪ್ಪತ್ತೆಂಟಾಯಿತು. ಆಲ್‌ಸ್ಟಾರ್ ತಂಡದಲ್ಲಿ ಹೆಸರು ಬಂದರೆ ಮುಂದಿನ ವರ್ಷ ಒಂದು ಮೆಟ್ಟಿಲು ಮೇಲೆ, ಟಲ್ಸಾಗೆ. ಬರದಿದ್ದರೆ ಮನೆಗೆ. ಅವನಿಗೂ ಹೇಳಿಯಾಗಿದೆ.

“ಬೆಲ್‌ಫೀಲ್ಡಿನ ಕ್ಯಾಚರ್ ಪಿಕೆಟ್‌ಗೂ ಇವನಿಗೂ ಕೂದಲೆಳೆ ಅಂತರ ಕಣಮ್ಮ,” ಎಂದರು ಆರ್ನಿ. “ಇವನ ಹೆಸರಲ್ಲಿ ಆರು ತಪ್ಪು ಜಾಸ್ತಿ ಇದೆ, ಅಷ್ಟೇ.”

ಆ ಆರನ್ನೂ ಬರೆದದ್ದು ಯಾರೆಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅವರಿಬ್ಬರನ್ನು ಬಿಟ್ಟು ಮೂರನೆಯ ಕ್ಯಾಚರ್ ಯಾರದಾದರೂ ಹೆಸರು ಗೀಚಿದರೆ ಪಿಕೆಟ್‌ಗೆ ಒಂದು ಮತ ಕಡಿಮೆಯಾಗುತ್ತದೆ ಎನ್ನುವುದು ಆ ಮೇಜಿನ ಸುತ್ತ ಕೂತ ಮೂವರಿಗೂ ಗೊತ್ತಿತ್ತು. ಮಾರ್ಲಿಸ್ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದಳು.

ಎರಡು ದಿನ ಅದು ಚೀಲದಲ್ಲೇ ಇತ್ತು. ಹೆಸರು ಬಂದರೆ ಅವನು ಟಲ್ಸಾಗೆ ಹೋಗುತ್ತಾನೆ, ಬರದಿದ್ದರೆ ಟೆಕ್ಸಸ್‌ಗೆ, ಅಣ್ಣನ ಹತ್ತಿ ಹೊಲಕ್ಕೆ. ಎರಡರಲ್ಲಿ ಯಾವುದಾದರೂ ಅವನು ಹೊರಡುವುದು ಅವಳ ಬಾಗಿಲ ಮುಂದಿನ ರಸ್ತೆಯಿಂದಲೇ. ಆದರೂ ಬೇಡವೆಂದು ಎಷ್ಟು ಗದರಿಕೊಂಡರೂ ಮನಸ್ಸು ಒಂದು ಲೆಕ್ಕ ಹಾಕುತ್ತಲೇ ಇತ್ತು: ಟಲ್ಸಾಗೆ ಹೋದವನನ್ನು ತಂಡದವರು ಹಿಡಿದಿಟ್ಟುಕೊಳ್ಳುತ್ತಾರೆ. ಮನೆಗೆ ಹೋಗುವವನನ್ನು ಯಾರೂ ಹಿಡಿದಿಟ್ಟುಕೊಂಡಿರುವುದಿಲ್ಲ.

ಮೂರನೆಯ ದಿನ ಉಗುರು ಬಳಿಯುವಾಗ ಅವಳು ಅವನನ್ನೇ ಕೇಳಿಬಿಟ್ಟಳು. ಬೇರೆ ಊರಿನ ಕ್ಯಾಚರ್‌ಗಳಲ್ಲಿ ಯಾರು ಎಲ್ಲರಿಗಿಂತ ಚೆನ್ನಾಗಿ ಆಡುತ್ತಾರೆ ಎಂದು.

ಎಲಿಯಾಸನ ಬೆರಳು ಅವಳ ಕೈಯಲ್ಲಿ ಒಮ್ಮೆ ಬಿಗಿಯಾಯಿತು. ಮೈದಾನದಲ್ಲಿ ಹುಲ್ಲಿಗೆ ನೀರು ಹಾಯಿಸುತ್ತಿದ್ದರು. ಅವನು ಅದನ್ನೇ ನೋಡುತ್ತಿದ್ದ.

“ಪಿಕೆಟ್,” ಎಂದ. “ನನಗಿಂತ ಚೆನ್ನಾಗಿ ಆಡ್ತಾನೆ. ಕೇಳಿದ್ಯಲ್ಲ, ಅದಕ್ಕೆ ಹೇಳ್ದೆ.”

ಅವಳು ಉಳಿದ ಎರಡು ಉಗುರಿಗೆ ಬಿಳಿ ಬಳಿದಳು. ಅವನು ಕೆಳಗಿಳಿದು ಹೋದ ಮೇಲೆ ಹಾಳೆ ಬಿಡಿಸಿ, ಖಾಲಿ ಜಾಗದಲ್ಲಿ ಪಿಕೆಟ್ ಎಂದು ಬರೆದಳು. ಪೆನ್ನು ಎಲ್ಲೂ ತಡೆಯಲಿಲ್ಲ. ಅದೇ ಆಮೇಲೆ ಅವಳನ್ನು ಕಾಡಿದ್ದು.

ಸೆಪ್ಟೆಂಬರ್ ಮೊದಲ ವಾರ ಆರ್ನಿ ಗೋದಾಮಿಗೇ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಫಲಿತಾಂಶ ಹೇಳಿದರು. ಪಿಕೆಟ್‌ಗೆ ನಾಲ್ಕು ಮತ, ಎಲಿಯಾಸನಿಗೆ ಮೂರು, ಇನ್ಯಾರಿಗೋ ಒಂದು. ಮೂರು ಮೂರು ಸಮವಾಗಿದ್ದರೆ ಲೀಗಿನವರು ಇಬ್ಬರ ಹೆಸರನ್ನೂ ಹಾಕುತ್ತಿದ್ದರು. ನೀನು ತಪ್ಪೇನೂ ಮಾಡಿಲ್ಲ ಎಂದೂ ಹೇಳಿ ಹೋದರು. ಅವರ ದನಿಯಲ್ಲಿ ಮಾತ್ರ ಅದಿರಲಿಲ್ಲ.

ಮಾರನೆಯ ಬೆಳಗ್ಗೆ ಹತ್ತರ ಸುಮಾರಿಗೆ ಎಲಿಯಾಸನ ಹಳೆಯ ಪಿಕಪ್ ಗಾಡಿ, ಲಾರಿಗಳ ಸಾಲಿನ ಪಕ್ಕಕ್ಕೆ ಬಂದು ನಿಂತಿತು. ಹಿಂದೆ ಎರಡು ಪೆಟ್ಟಿಗೆ, ಒಂದು ಕುರ್ಚಿ. ಮಾರ್ಲಿಸ್ ತೂಕದ ಕೋಣೆಯಿಂದ ಹೊರಗೆ ಬಂದಳು. ಇಬ್ಬರೂ ಗೋದಾಮಿನ ನೆರಳಿನಲ್ಲಿ ನಿಂತರು. ದಾರಿಗೆ ಏನಾದರೂ ಕಟ್ಟಿಕೊಂಡಿದ್ದೀಯಾ ಎಂದು ಅವಳು ಕೇಳಿದಳು. ಮೊಟ್ಟೆ ಸ್ಯಾಂಡ್‌ವಿಚ್ ಇದೆ ಎಂದು ಅವನು ಹೇಳಿದ.

“ಪಿಕೆಟ್ ಅಂತ ನಾನೇ ಬರ್ದಿದ್ದು,” ಎಂದಳು.

“ಗೊತ್ತು. ನಾನೇ ಹೇಳಿದ್ನಲ್ಲ.”

“ಅಷ್ಟೇ ಅಲ್ಲ ಎಲಿಯಾಸ್. ಬರೀವಾಗ ನಂಗೆ ಸಮಾಧಾನ ಆಯ್ತು. ನೀನು ಟಲ್ಸಾಗೆ ಹೋಗಲ್ಲ ಅಂತ. ನ್ಯಾಯ ಅಂತ ಬರೆದ್ನೋ, ನೀನು ಬೇಕು ಅಂತ ಬರೆದ್ನೋ, ಈಗ ಕೂತು ಯೋಚನೆ ಮಾಡಿದ್ರೆ ನಂಗೇ ತಿಳೀತಿಲ್ಲ.”

ಅವಳು ಮೂರು ತಿಂಗಳು ಬಾಯಲ್ಲಿಟ್ಟುಕೊಂಡಿದ್ದ ಮಾತು ಕೊನೆಗೂ ಹೀಗೆ ಹೊರಗೆ ಬಂದಿತ್ತು, ತಪ್ಪೊಪ್ಪಿಗೆಯ ಹಾಗೆ. ಅವನು ಅವಳ ಮುಖ ನೋಡಿದ, ನೆಲ ನೋಡಿದ, ಮತ್ತೆ ಅವಳ ಮುಖಕ್ಕೇ ಬಂದ.

“ನಾನೂ ಒಂದು ಹೇಳ್ಲಾ? ಅವತ್ತು ಪಿಕೆಟ್ ಅಂದ್ನಲ್ಲ, ನೀನು ನನ್ನ ಮಾತು ಕೇಳಲ್ಲ ಅಂದ್ಕೊಂಡಿದ್ದೆ.”

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈಯೆಲ್ಲ ಜೋಳದ ಧೂಳು. ಅವನು ತನ್ನ ತೋಳಿನ ಬಟ್ಟೆಯಿಂದ ಒರೆಸಿದ, ಬಹಳ ಹೊತ್ತು, ಒರೆಸಲು ಅಷ್ಟೇನೂ ಇರದಿದ್ದರೂ.

ಸಿಟ್ಟಿದೆಯಾ ಎಂದು ಅವಳು ಕೇಳಿದಳು. ಇದೆ, ಆದರೆ ಯಾರ ಮೇಲೆಂದು ಗೊತ್ತಾಗುತ್ತಿಲ್ಲ ಎಂದು ಅವನು ಹೇಳಿದ. ಸಾಲಿನಲ್ಲಿ ಹಿಂದೆ ಯಾರೋ ಹಾರ್ನ್ ಹೊಡೆದು, ಮುಂದಿನವನು ಏನೋ ಅಂದದ್ದಕ್ಕೆ ನಿಲ್ಲಿಸಿದರು.

“ಪರವಾಗಿಲ್ಲ ಅಂತ ನಿಂಗೊಂದು ಮಾತು ಹೇಳ್ಬೇಕು ನಾನು,” ಎಂದ ಎಲಿಯಾಸ್. “ಇವತ್ತು ಹೇಳಿದ್ರೆ ಸುಳ್ಳಾಗುತ್ತೆ. ಅದು ನನ್ನ ಮೇಲೆ ಸಾಲ ಇರ್ಲಿ.”

“ಫೋನಲ್ಲಿ ಹೇಳ್ತೀಯಾ?”

“ಫೋನಲ್ಲಿ ಹೇಳಿದ್ರೆ ನಂಬ್ತೀಯಾ?”

“ಇಲ್ಲ.”

“ಮತ್ತೆ? ಬಂದೇ ಹೇಳ್ಬೇಕು.”

ಹತ್ತಿ ಬಿಡಿಸಿ ಮುಗಿಯುವಾಗ ನವೆಂಬರ್ ಆಗುತ್ತದೆ ಎಂದ. ಬಂದೇ ಬರುತ್ತೇನೆ ಎಂದು ಆಣೆ ಇಡಲಿಲ್ಲ, ಅವಳೂ ಕೇಳಲಿಲ್ಲ. ಅವಳ ಧೂಳಿನ ಕೈಯನ್ನು ಎತ್ತಿ ಒಂದು ಗಳಿಗೆ ತನ್ನ ಕೆನ್ನೆಗೆ ಒತ್ತಿಕೊಂಡು, ಕೆನ್ನೆಯ ಮೇಲಿನ ಆ ಗುರುತನ್ನು ಒರೆಸಿಕೊಳ್ಳದೆ ಗಾಡಿ ಹತ್ತಿದ.

ಪಿಕಪ್ ಹೆದ್ದಾರಿಯ ಕಡೆ ತಿರುಗುವವರೆಗೂ ನಿಂತಿದ್ದು, ಮಾರ್ಲಿಸ್ ಮುಂದಿನ ಲಾರಿಗೆ ಕೈ ಮಾಡಿದಳು. ಒಂದು ಬೊಗಸೆ ಕಾಳು ತೆಗೆದು ತೇವ ನೋಡಿದಳು. ಚೀಟಿ ಬರೆಯಲು ಹೋದರೆ ಅಂಕಿ ಮರೆತುಹೋಗಿತ್ತು. ಮತ್ತೆ ನೋಡಿದಳು, ಮತ್ತೆ ಮರೆತಳು. ಮೂರನೆಯ ಸಲ ಅವಳು ಬೊಗಸೆ ಒಡ್ಡಿದಾಗ ಲಾರಿಯ ಮುದುಕ ಎಂಜಿನ್ ಆರಿಸಿ ಕೂತ.